ಪೆನ್ನಿನದೇನೂ ತಪ್ಪಿಲ್ಲ ಮಾರಾಯ

ಪ್ರೀತಿಯ ಗೆಳೆಯ,

ನಿನ್ನ ಪತ್ರ ಮೊನ್ನೆ ಕೈಸೇರಿತು. ಹಿಂದಿನ ಪುಟದ ಮಸಿ ಮುಂದಕ್ಕೆ ಇಣುಕಿ, ಅರ್ಧ ಪತ್ರ ಊಹೆಯಲ್ಲೇ ಓದಿದೆ. ಕೊನೆಯಲ್ಲಿ ‘ಈ ಪೆನ್ನು ಗುಜರಿಗೆ ಹಾಕುತ್ತೇನೆ’ ಅಂದಿದ್ದೀಯ. ಹಾಕಬೇಡ.

ಮಸಿ ತುಂಬಿಸಿ ಎಷ್ಟು ತಿಂಗಳು ಮೇಜಿನ ಖಾನೆಯಲ್ಲಿ ಬಿಟ್ಟಿದ್ದೆ, ನಿಜ ಹೇಳು. ನೀರು ಆರುತ್ತದೆ, ಬಣ್ಣ ಮಾತ್ರ ನಿಬ್ಬಿನಡಿಯ ನಾಲಿಗೆಯ ಗೀರುಗಳಲ್ಲಿ ಗಟ್ಟಿಯಾಗಿ ಕೂರುತ್ತದೆ. ಒಂದು ಲೋಟ ತಣ್ಣೀರಿನಲ್ಲಿ ನಿಬ್ಬು ಮುಳುಗಿಸಿ ರಾತ್ರಿಯಿಡೀ ಬಿಡು. ಬೆಳಿಗ್ಗೆ ಲೋಟದ ತಳದಲ್ಲಿ ನೀಲಿ ಇಳಿದಿರುತ್ತದೆ. ನೀರು ತಿಳಿಯಾಗುವ ತನಕ ಬದಲಿಸು. ಆಮೇಲೆ ನಿಬ್ಬು ಕೆಳಗೆ ಮಾಡಿ ಹಳೇ ಬನಿಯನ್ ಬಟ್ಟೆಯ ಮೇಲೆ ನಿಲ್ಲಿಸು. ಬಿಸಿನೀರು ಬೇಡ, ಪ್ಲಾಸ್ಟಿಕ್ ನಾಲಿಗೆ ಸೊಟ್ಟಗಾಗುತ್ತದೆ. ಸ್ಕೂಲಲ್ಲಿ ಮಾಡುತ್ತಿದ್ದ ಹಾಗೆ ಸೀಳಿಗೆ ಬ್ಲೇಡು ತೂರಿಸಲೂಬೇಡ. ಡ್ರಾಯಿಂಗಿನವರ ಇಂಡಿಯನ್ ಇಂಕ್ ಹಾಕಿದೆಯೋ, ಮುಗಿಯಿತು. ಅದರಲ್ಲಿ ಅರಗು ಇರುತ್ತದೆ, ಒಣಗಿದರೆ ನೀರಿಗೆ ಜಗ್ಗುವುದಿಲ್ಲ.

ಇನ್ನೊಂದು. ನಿನ್ನದು ಡ್ರಾಪರಿನಲ್ಲಿ ತುಂಬುವ ಪೆನ್ನು. ಮಸಿ ಕಾಲು ಭಾಗಕ್ಕೆ ಇಳಿದರೆ ಒಳಗೆಲ್ಲ ಗಾಳಿ. ಕೈ ಬಿಸಿಗೆ ಆ ಗಾಳಿ ಹಿಗ್ಗಿ ಮಸಿಯನ್ನು ತಳ್ಳುತ್ತದೆ, ದೊಪ್ಪಂತ ಹನಿ ಬೀಳುತ್ತದೆ. ಘಾಟಿ ಹತ್ತುವಾಗಲೂ ಅಷ್ಟೇ, ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಕಡಿಮೆ. ಆಗುಂಬೆ ತಿರುವುಗಳಲ್ಲಿ ನನ್ನ ಬಿಳಿ ಶರಟು ಹೋಗಿದ್ದು ಹಾಗೇ. ಪ್ರಯಾಣಕ್ಕೆ ಪೂರ್ತಿ ತುಂಬಿಸು, ಇಲ್ಲಾ ಪೂರ್ತಿ ಖಾಲಿ ಮಾಡು.

ಈಗ ಕಾಗದ. ನಿಜವಾದ ಕಳ್ಳ ಅದೇ. ಜಿಎಸ್‌ಎಂ ಜಾಸ್ತಿಯಿದ್ದರೆ ಒಳ್ಳೆಯ ಕಾಗದ ಅಂತ ಅಂಗಡಿಯವರು ಹೇಳುತ್ತಾರಲ್ಲ, ಅದು ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ಅನ್ನುವ ಬರೀ ತೂಕದ ಲೆಕ್ಕ. ಜಪಾನಿನ ಟೊಮೊಯೆ ರಿವರ್ 52 ಜಿಎಸ್‌ಎಂ ಕಾಗದ ಈರುಳ್ಳಿ ಸಿಪ್ಪೆಯಷ್ಟು ತೆಳು. ಅದರ ಮೇಲೆ ಅಕ್ಷರ ಗೆರೆ ಕೊರೆದಂತೆ ನಿಲ್ಲುತ್ತದೆ. 80 ಜಿಎಸ್‌ಎಂ ಜೆರಾಕ್ಸ್ ಹಾಳೆಯಲ್ಲಿ ಎಷ್ಟೋ ಸಲ ಅದೇ ಅಕ್ಷರಕ್ಕೆ ಮೀಸೆ ಮೂಡುತ್ತದೆ. ಗುಟ್ಟು ಗಂಜಿಯಲ್ಲಿದೆ. ಕಾಟನ್ ಸೀರೆಗೆ ಹಾಕಿದ ಹಾಗೆ ಕಾಗದಕ್ಕೂ ಗಂಜಿಯೋ ರಾಳವೋ ಹಾಕಿ ನಾರು ನೀರು ಕುಡಿಯದಂತೆ ಮಾಡುತ್ತಾರೆ. ಅದು ಕಡಿಮೆಯಾದರೆ ಮಸಿ ನಾರಿನುದ್ದಕ್ಕೂ ಓಡುತ್ತದೆ.

ಹಾಗಂತ ಟೊಮೊಯೆಗೆ ದುಡ್ಡು ಸುರಿಯಬೇಡ. ಅದರ ಮೇಲೆ ಮಸಿ ಆರುವುದು ನಿಧಾನ, ನೀನು ಎಡಗೈಯವನು, ಬರೆದದ್ದನ್ನೆಲ್ಲ ಕೈಯೇ ಒರೆಸಿಕೊಂಡು ಹೋಗುತ್ತದೆ. ನಿನಗೆ ಬಾಂಡ್ ಪೇಪರ್ ಸಾಕು, ಛಾಪಾ ಕಾಗದವಲ್ಲ, ಪತ್ರ ಬರೆಯುವ ಗಟ್ಟಿ ಹಾಳೆ. ಕಟ್ಟು ಕೊಳ್ಳುವ ಮೊದಲು ಎರಡು ಬಿಡಿ ಹಾಳೆ ಕೇಳು. ಅಂಗಡಿಯಲ್ಲೇ ನಿಬ್ಬು ಊರಿ ಮೂರು ಎಣಿಸು, ಹಾಳೆ ತಿರುಗಿಸಿ ನೋಡು. ಚುಕ್ಕೆ ಹಿಂದಕ್ಕೆ ಬಂದಿದ್ದರೆ ಬೇರೆಯದು ಕೇಳು. ಅಂಗಡಿಯವನು ಗುರಾಯಿಸಿದರೂ ಪರವಾಗಿಲ್ಲ.

ಅಂದಹಾಗೆ, ನೀನು ಇಲ್ಲಿಗೆ ಬರುವ ತಾರೀಕು 12ಓ 22ಓ? ಅಲ್ಲೇ ಮಸಿ ಹರಡಿದೆ. ಅದೊಂದನ್ನು ಮಾತ್ರ ಫೋನ್ ಮಾಡಿ ಹೇಳು.

ನಿನ್ನ ಗೆಳೆಯ