ಗೂಡಿನ ಚೀಟಿಯ ಹಿಂಬದಿ

ಶಿಡ್ಲಘಟ್ಟ ತಾಲ್ಲೂಕು,
ಚಿಕ್ಕಬಳ್ಳಾಪುರ ಜಿಲ್ಲೆ

ಚಿರಂಜೀವಿ ಸೌಭಾಗ್ಯವತಿ ಮಗಳಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಅಳಿಯಂದಿರು, ಮೊಮ್ಮಗ ಚೆನ್ನಾಗಿದ್ದಾರೆಂದು ನಂಬಿದ್ದೇನೆ.

ಫೋನು ಮಾಡಿದರೆ ನೀನು "ಪರವಾಗಿಲ್ಲ ಬಿಡಪ್ಪ" ಎಂದು ಮಾತನ್ನು ಬೇರೆ ಕಡೆಗೆ ತಿರುಗಿಸುತ್ತೀಯೆ. ಅದಕ್ಕೇ ಬರೆಯಲು ಕೂತಿದ್ದೇನೆ. ಇಪ್ಪತ್ತೆಂಟು ವರ್ಷ ಹಾಲಿನ ಡೇರಿಯ ಲೆಕ್ಕ ಬರೆದ ಕೈ ಇದು. ನನ್ನ ಬಾಯಿಗಿಂತ ನನ್ನ ಕೈ ತಪ್ಪು ಮಾಡುವುದು ಕಡಿಮೆ.

ನಿನ್ನ ದೊಡ್ಡಪ್ಪನ ಮಗನ ಗೃಹಪ್ರವೇಶದ ದಿನ ಪಂಕ್ತಿಯಲ್ಲಿ ಕೂತಿದ್ದಾಗ ಯಾರೋ ನಿನ್ನ ಕೆಲಸದ ಬಗ್ಗೆ ವಿಚಾರಿಸಿದರು. "ಇವಳಿಗೆ ಒಂದು ಕಡೆ ನೆಲೆ ನಿಲ್ಲುವುದೇ ಗೊತ್ತಿಲ್ಲ, ಇದು ಐದನೇ ಕಂಪನಿ. ಅವನನ್ನು ನೋಡಿ, ಇದು ಎರಡನೇ ಮನೆ" ಎಂದುಬಿಟ್ಟೆ. ನೀನು ಎಲೆಯ ಮೇಲಿದ್ದ ಒಬ್ಬಟ್ಟನ್ನು ಮಡಿಸಿ ಬದಿಗೆ ಸರಿಸಿದೆ. ಮಗುವಿಗೆ ಅನ್ನ ಕಲಸಿಕೊಡುತ್ತಾ ಊಟ ಮುಗಿಯುವವರೆಗೂ ತಲೆ ಎತ್ತಲಿಲ್ಲ. ಅಂದಿನಿಂದ ನಿನ್ನ ಅಮ್ಮ ಕಾಫಿ ಲೋಟವನ್ನು ನನ್ನ ಕೈಗೆ ಕೊಡುವುದಿಲ್ಲ, ಜಗಲಿಯ ಮೇಲೆ ಇಟ್ಟು ಒಳಗೆ ಹೋಗುತ್ತಾಳೆ.

ರೇಷ್ಮೆಹುಳು ಸಾಕುವ ನಮ್ಮ ಹಳೆಯ ಹುಳುಮನೆಯ ತೊಲೆಗೆ ನೇತುಹಾಕಿದ ತಂತಿ ನಿನಗೆ ನೆನಪಿರಬೇಕು. ಗೂಡು ಮಾರಿದ ಚೀಟಿಗಳನ್ನೆಲ್ಲ ಚುಚ್ಚಿಡುತ್ತಿದ್ದ ತಂತಿ. ಮೊನ್ನೆ ಸುಣ್ಣ ಬಳಿಸಲೆಂದು ಅದನ್ನು ಇಳಿಸಿದೆ. ಲಾಟು ನಂಬರು, ತೂಕ, ದರ, ಒಟ್ಟು ಮೊತ್ತ, ಎಲ್ಲ ಚೀಟಿಯಲ್ಲೂ ಅದೇ ನಾಲ್ಕು ಸಾಲು. ಧೂಳು ಕೊಡವುವಾಗ 2009ರ ಆಗಸ್ಟ್ ತಿಂಗಳ ಒಂದು ಚೀಟಿ ಹರಿದು ಕೆಳಗೆ ಬಿತ್ತು. ಹಿಂಬದಿ ಮೇಲಾಗಿ ಬಿದ್ದಿತ್ತು. ನಿನ್ನ ಅಕ್ಷರ.

"ಸಂಬಳ 9000. ಪಿ.ಜಿ. 3500. ಬಸ್ ಪಾಸು 500. ಬ್ಯಾಂಕಿನ ಕಂತು 2200. ಮನೆಗೆ 1500. ಉಳಿಕೆ 1300." ಅದರ ಕೆಳಗೆ "ಚಪ್ಪಲಿ 250" ಎಂದು ಬರೆದು, ಹೊಡೆದುಹಾಕಿ, ಪಕ್ಕದಲ್ಲಿ "ಮುಂದಿನ ತಿಂಗಳು" ಎಂದು ಬರೆದಿದ್ದೀಯೆ.

ಹದಿನಾರು ವರ್ಷ ಆ ಚೀಟಿ ನನ್ನ ತಲೆಯ ಮೇಲೆಯೇ ನೇತಾಡುತ್ತಿತ್ತು. ನಾನು ನೋಡಿದ್ದು ದರ ಬರೆದ ಬದಿಯನ್ನು ಮಾತ್ರ.

ನಿನ್ನನ್ನು ಕಾಲೇಜಿನಲ್ಲೇ ಕಂಪನಿಯವರು ಆರಿಸಿಕೊಂಡದ್ದು 2008ರ ಜುಲೈನಲ್ಲಿ. ವರ್ಷಕ್ಕೆ ಮೂರು ಲಕ್ಷ ಎಂದಿದ್ದರು. ನಾನು ಡೇರಿಗೆ ಹಾಲು ಹಾಕಲು ಬಂದವರಿಗೆಲ್ಲ ಮೈಸೂರುಪಾಕು ಹಂಚಿದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ, ಸೆಪ್ಟೆಂಬರ್ 15ರ ಸೋಮವಾರ, ನ್ಯೂಯಾರ್ಕಿನ ಲೇಮನ್ ಬ್ರದರ್ಸ್ ಎಂಬ 158 ವರ್ಷದ ಹಳೆಯ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಅಮೆರಿಕದಲ್ಲಿ ತೀರಿಸಲಾಗದವರಿಗೆ ಮನೆ ಸಾಲ ಕೊಟ್ಟು, ಆ ಸಾಲಪತ್ರಗಳನ್ನೇ ಒಬ್ಬರಿಗೊಬ್ಬರು ಮಾರಿಕೊಂಡು ಮುಳುಗಿದರಂತೆ. ಅಲ್ಲಿ ಯಾರೋ ಮನೆ ಕಟ್ಟಿಸಿದ್ದಕ್ಕೂ ನಮ್ಮ ಹುಡುಗಿಯ ಕೆಲಸಕ್ಕೂ ಏನು ಸಂಬಂಧ ಎಂದು ನಾನು ನಕ್ಕಿದ್ದೆ. ಬೆಂಗಳೂರಿನ ಐಟಿ ಕಂಪನಿಗಳಿಗೆ ಕೆಲಸ ಕೊಡುವವರಲ್ಲಿ ದೊಡ್ಡ ಪಾಲು ಅಮೆರಿಕದವರು, ಅವರಲ್ಲೂ ಬ್ಯಾಂಕು ಮತ್ತು ವಿಮೆಯವರು ಎಂಬುದು ನನಗೆ ಆಮೇಲೆ ತಿಳಿಯಿತು. ಜನವರಿಯಲ್ಲಿ ಸತ್ಯಂ ಕಂಪನಿಯ ರಾಮಲಿಂಗರಾಜು ತಾನು ತೋರಿಸಿದ ಲೆಕ್ಕವೇ ಸುಳ್ಳು ಎಂದು ಒಪ್ಪಿಕೊಂಡಾಗ ಇದ್ದ ಅಲ್ಪ ಧೈರ್ಯವೂ ಹೋಯಿತು. ನಿನ್ನನ್ನು ಕರೆದಿದ್ದ ಕಂಪನಿಯವರು ಜುಲೈ ಎಂದವರು ಅಕ್ಟೋಬರ್ ಎಂದರು, ಅಕ್ಟೋಬರ್ ಎಂದವರು ಜನವರಿ ಎಂದರು, ಕೊನೆಗೆ ಉತ್ತರ ಕೊಡುವುದನ್ನೇ ನಿಲ್ಲಿಸಿದರು.

ಅಷ್ಟರಲ್ಲಿ ನಾನು ದಿನವೂ ಕೇಳಿ ಕೇಳಿ ನಿನ್ನನ್ನು ಆ ಒಂಬತ್ತು ಸಾವಿರದ ರಾತ್ರಿ ಪಾಳಿಯ ಕೆಲಸಕ್ಕೆ ಓಡಿಸಿದ್ದೆ. ಎರಡು ವರ್ಷದ ಬಾಂಡು ಬರೆಸಿಕೊಂಡು, ನಿನ್ನ ಅಂಕಪಟ್ಟಿಗಳನ್ನೆಲ್ಲ ಬೀರುವಿನಲ್ಲಿ ಇಟ್ಟುಕೊಂಡ ಕಂಪನಿ ಅದು. ಎಂಜಿನಿಯರಿಂಗ್ ಓದಿದವಳು ಅಲ್ಲಿ ಮಾಡಿದ್ದು ಯಾರದೋ ಕ್ರೆಡಿಟ್ ಕಾರ್ಡಿನ ತಕರಾರು ಕೇಳುವ ಕೆಲಸ.

ನಿನ್ನ ದೊಡ್ಡಪ್ಪನ ಮಗ ಅದೇ ಕಾಲೇಜು, ಅದೇ ವಿಷಯ. ಅಂಕ ನಿನಗಿಂತ ಕಡಿಮೆ. ಅವನು ಓದು ಮುಗಿಸಿದ್ದು 2007ರಲ್ಲಿ, ನೀನು 2009ರಲ್ಲಿ. ಇಬ್ಬರ ನಡುವೆ ಇದ್ದದ್ದು ಆ ಎರಡು ವರ್ಷ. "ಗಾಳಿ ಬಂದಾಗ ತೂರಿಕೊಳ್ಳಬೇಕು, ಅವನು ತೂರಿಕೊಂಡ" ಎಂದು ನಿನ್ನ ಎದುರಿಗೇ ಎಷ್ಟು ಸಲ ಹೇಳಿದ್ದೇನೋ. ನೀನು ಮೊರ ಹಿಡಿದು ಕಣಕ್ಕೆ ಬಂದ ಹೊತ್ತಿಗೆ ಗಾಳಿಯೇ ನಿಂತಿತ್ತು.

ಇದು ಬೇರೆ ಯಾರಿಗಾದರೂ ಅರ್ಥವಾಗದಿದ್ದರೆ ಕ್ಷಮಿಸಬಹುದು. ರೇಷ್ಮೆ ಬೆಳೆಯುವ ನನಗೆ ಅರ್ಥವಾಗಲಿಲ್ಲವಲ್ಲ! ಹುಳು ಹಣ್ಣಾಗಿ ಚಂದ್ರಿಕೆಯ ಬಿದಿರು ತಟ್ಟೆ ಹತ್ತಿ ಗೂಡು ಕಟ್ಟಿದ ಮೇಲೆ ನಮ್ಮ ಕೈಯಲ್ಲಿ ಎಷ್ಟು ದಿನ ಇರುತ್ತದೆ? ಐದಾರು ದಿನಕ್ಕೆ ಬಿಡಿಸಿ ಮಾರುಕಟ್ಟೆಗೆ ಒಯ್ಯಲೇಬೇಕು. ದರ ಬಿದ್ದಿದೆ, ಏರಿದ ಮೇಲೆ ಬರುತ್ತೇನೆ ಎಂದು ಮನೆಯಲ್ಲಿ ಇಟ್ಟುಕೊಂಡರೆ ಚಿಟ್ಟೆ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಆಮೇಲೆ ಆ ಗೂಡಿನಿಂದ ಎಳೆ ಬಿಚ್ಚಲು ಬರುವುದಿಲ್ಲ. ರಾಗಿಯನ್ನಾದರೆ ಹಗೇವಿನಲ್ಲಿ ಮುಚ್ಚಿಡಬಹುದು, ಗೂಡನ್ನು ಇಡಲಾಗದು. ಓದು ಮುಗಿದ ವರ್ಷವೂ ಹಾಗೆಯೇ. 2009ರಲ್ಲಿ ಪದವಿ ಪಡೆದವರು 2011ರವರೆಗೆ ಕಾದು ಹೊಸಬರಾಗಿಯೇ ಹೋಗುತ್ತೇವೆ ಎಂದರೆ ಯಾರು ತೆಗೆದುಕೊಳ್ಳುತ್ತಿದ್ದರು? "ಎರಡು ವರ್ಷ ಏನು ಮಾಡುತ್ತಿದ್ದಿರಿ" ಎಂದು ಕೇಳುತ್ತಿದ್ದರು.

ಇನ್ನೊಂದು ಮಾತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. 2011ರ ಫೆಬ್ರವರಿ ಕೊನೆಯಲ್ಲಿ ಕೇಂದ್ರ ಬಜೆಟ್ ಬಂತು. ಹೊರದೇಶದ ಕಚ್ಚಾ ರೇಷ್ಮೆಯ ಮೇಲಿದ್ದ ಆಮದು ಸುಂಕವನ್ನು ಪ್ರಣವ್ ಮುಖರ್ಜಿಯವರು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಚೀನಾದ ರೇಷ್ಮೆ ಅಗ್ಗವಾಯಿತು, ನಮ್ಮ ಗೂಡಿನ ದರ ಕುಸಿಯಿತು. ನಾನೂ ರಸ್ತೆ ತಡೆಗೆ ಹೋಗಿ ಬಿಸಿಲಿನಲ್ಲಿ ಕೂತೆ. "ನಮ್ಮ ಬೆಳೆಯಲ್ಲಿ ಏನು ಕೊರತೆ? ಅದೇ ಸೊಪ್ಪು, ಅದೇ ಹುಳು, ಅದೇ ದುಡಿಮೆ" ಎಂದು ಗಂಟಲು ಹರಿಯುವಂತೆ ಕೂಗಿದೆ. ಅದೇ ಸಂಜೆ ಮನೆಗೆ ಬಂದು ನಿನಗೆ ಫೋನು ಮಾಡಿ, "ಇಷ್ಟು ದಿನವಾದರೂ ಒಳ್ಳೆಯ ಕೆಲಸ ಸಿಕ್ಕಿಲ್ಲವೆಂದರೆ ನಿನ್ನಲ್ಲೇ ಏನೋ ಕೊರತೆ ಇರಬೇಕು ನೋಡಿಕೋ" ಎಂದೆ. ದರ ಬಿದ್ದಾಗ ಹುಳುವನ್ನು ಬೈಯದವನು ಮಗಳನ್ನು ಬೈದೆ. ಆ ತಿಂಗಳು ಸೊಸೈಟಿಯ ಸಾಲ ಕಟ್ಟಿದ್ದು ನೀನು ಕಳುಹಿಸಿದ ದುಡ್ಡಿನಿಂದ.

ಸುಂಕವನ್ನು 2013ರಲ್ಲಿ ಶೇ 15ಕ್ಕೆ ಏರಿಸಿದರು. ನಾವು ಸುಧಾರಿಸಿಕೊಂಡೆವು. ನೀನೇಕೆ ಅಷ್ಟೇ ಬೇಗ ಸುಧಾರಿಸಿಕೊಳ್ಳಲಿಲ್ಲ ಎಂಬುದು ನನಗೆ ಬಹಳ ಕಾಲ ಬಿಡಿಸಲಾಗದ ಲೆಕ್ಕವಾಗಿತ್ತು. ಮೊನ್ನೆ ನಿನ್ನ ತಮ್ಮ ಬಂದಿದ್ದಾಗ ಬಿಡಿಸಿ ಹೇಳಿದ. (ಅರ್ಥಶಾಸ್ತ್ರ ಪಾಠ ಮಾಡುವ ಅವನು ಇನ್ನೂ ಅತಿಥಿ ಉಪನ್ಯಾಸಕನೇ. ಅಷ್ಟು ವರ್ಷ ಒಂದೇ ಮನೆಗೆ ಬರುತ್ತಿರುವವನನ್ನು ಅತಿಥಿ ಎನ್ನುವುದು ಯಾವ ಮರ್ಯಾದೆಯೋ.) 1981ರಿಂದ 1996ರ ನಡುವೆ ಹುಟ್ಟಿದ ನಿಮ್ಮನ್ನೆಲ್ಲ ಮಿಲೇನಿಯಲ್ ಎನ್ನುತ್ತಾರಂತೆ. ಕೆನಡಾ ದೇಶದ ಪದವೀಧರರನ್ನು ವರ್ಷಗಟ್ಟಲೆ ಹಿಂಬಾಲಿಸಿ ಮೂವರು ಅರ್ಥಶಾಸ್ತ್ರಜ್ಞರು ಬರೆದದ್ದು 2012ರಲ್ಲಿ ಅಚ್ಚಾಗಿದೆ ಎಂದು ಹೇಳಿ ಅವರ ಹೆಸರುಗಳನ್ನೂ ಓದಿದ. ಓರಿಯೋಪೌಲೋಸ್ ಎಂಬುದೊಂದು ನೆನಪಿದೆ, ಉಳಿದೆರಡು ನಾಲಿಗೆಗೆ ಹತ್ತಲಿಲ್ಲ. ಆರ್ಥಿಕ ಹಿಂಜರಿತದ ವರ್ಷ ಓದು ಮುಗಿಸಿದವರ ಗಳಿಕೆ ಮೊದಲಿಗೆ ಸುಮಾರು ಶೇ 9ರಷ್ಟು ಕಡಿಮೆ ಇರುತ್ತದೆ, ಐದು ವರ್ಷಕ್ಕೆ ಆ ಕೊರತೆ ಅರ್ಧಕ್ಕೆ ಬರುತ್ತದೆ, ಪೂರ್ತಿ ತುಂಬಲು ಹತ್ತು ವರ್ಷ ಬೇಕು ಎಂಬುದು ಅವರ ಲೆಕ್ಕ. ಅಮೆರಿಕದಲ್ಲಿ 1979ರಿಂದ 1989ರ ನಡುವೆ ಪದವಿ ಪಡೆದವರನ್ನು ನೋಡಿದ ಲೀಸಾ ಕಾನ್ ಎಂಬಾಕೆಗೆ ಹದಿನೈದು ವರ್ಷ ಕಳೆದರೂ ಆ ಕುಳಿ ಮುಚ್ಚಿದ್ದು ಕಾಣಲಿಲ್ಲವಂತೆ.

ಆದರೆ ನನ್ನ ಎದೆಗೆ ತಾಕಿದ್ದು ಅಂಕಿಗಳಲ್ಲ. ಆ ಕೆನಡಾದ ಹುಡುಗರು ಮೇಲೆ ಬಂದದ್ದು ಹೇಗೆ ಎಂದು ಕೇಳಿದೆ. "ಕಂಪನಿ ಬದಲಿಸಿ ಬದಲಿಸಿ, ಸಣ್ಣ ಸಂಬಳದ ಕಡೆಯಿಂದ ದೊಡ್ಡ ಸಂಬಳದ ಕಡೆಗೆ ಹೋಗಿ" ಎಂದ. ನಾನು ಸುಮ್ಮನಾದೆ. ಬಾಂಡು ಮುಗಿದದ್ದು 2011ರಲ್ಲಿ. ಆ ಹೊತ್ತಿಗೆ ಕಂಪನಿಗಳು ಮತ್ತೆ ಜನರನ್ನು ತೆಗೆದುಕೊಳ್ಳಲು ಆರಂಭಿಸಿದ್ದವು. ನೀನು ಬಿಡುತ್ತೇನೆ ಎಂದೆ. ಹಿಡಿದ ಕೆಲಸ ಬಿಡಬಾರದು, ನಿಷ್ಠೆ ಬೇಕು ಎಂದು ಇನ್ನೂ ಮೂರು ವರ್ಷ ನಿನ್ನನ್ನು ಅಲ್ಲೇ ಕಟ್ಟಿಹಾಕಿದವನು ನಾನು. ಪಂಕ್ತಿಯಲ್ಲಿ ಕೂತು ನಾನು ಆಡಿಕೊಂಡ ಆ ಐದು ಕಂಪನಿಗಳು ನೀನು ಆ ಕುಳಿಯಿಂದ ಮೇಲೆ ಬರಲು ಕೊರೆದುಕೊಂಡ ಮೆಟ್ಟಿಲುಗಳು.

ಅದರ ಮೇಲೆ, ನೀನೇ ಒಮ್ಮೆ ಹೇಳಿದ್ದೆ, ಹೊಸ ಕಂಪನಿಗೆ ಹೋದಾಗಲೆಲ್ಲ ಹಳೆಯ ಸಂಬಳದ ಚೀಟಿ ಕೇಳುತ್ತಾರೆ, ಅದಕ್ಕೆ ಶೇಕಡ ಇಪ್ಪತ್ತೋ ಮೂವತ್ತೋ ಸೇರಿಸಿ ಕೊಡುತ್ತಾರೆ ಎಂದು. ಒಂಬತ್ತು ಸಾವಿರಕ್ಕೆ ಶೇಕಡ ಮೂವತ್ತು ಎಷ್ಟು, ಇಪ್ಪತ್ತೈದು ಸಾವಿರಕ್ಕೆ ಶೇಕಡ ಮೂವತ್ತು ಎಷ್ಟು? ಮೊದಲ ವರ್ಷದ ಸಂಬಳ ಹದಿನಾರು ವರ್ಷ ಬೆನ್ನು ಬಿಡದಿರುವುದು ಹೀಗೆ. ಈ ಒಂದು ವಿಷಯದಲ್ಲಿ ನಮ್ಮ ಗೂಡಿನ ಮಾರುಕಟ್ಟೆಯೇ ವಾಸಿ. ಹರಾಜಿನಲ್ಲಿ ನೂಲು ತೆಗೆಯುವ ರೀಲರು ಗೂಡನ್ನು ಕೈಯಲ್ಲಿ ಹಿಡಿದು ಒತ್ತಿ ನೋಡುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಕೂಗುತ್ತಾರೆ. ಈಗ ಅದೂ ಮೊಬೈಲಿನಲ್ಲಿ. ಹೋದ ಬೆಳೆಗೆ ನಿಮಗೆ ಎಷ್ಟು ಸಿಕ್ಕಿತ್ತು ಎಂದು ನನ್ನನ್ನು ಇದುವರೆಗೆ ಒಬ್ಬರೂ ಕೇಳಿಲ್ಲ.

2020ರಲ್ಲಿ ನೀವೆಲ್ಲ ಇಲ್ಲಿಗೆ ಬಂದಿದ್ದಿರಿ. ಮಾರ್ಚ್ 25ಕ್ಕೆ ದೇಶವೇ ಬಾಗಿಲು ಹಾಕಿತು, ಮುಂದಿನ ಮೂರು ತಿಂಗಳಲ್ಲಿ ದೇಶದ ಉತ್ಪನ್ನ ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಭಾಗ ಕುಸಿಯಿತು. ನಿನ್ನ ಸಂಬಳದಲ್ಲೂ ಕಾಲು ಭಾಗ ಹಿಡಿದರು. ಮದುವೆಗಳೇ ಇಲ್ಲದ ಮೇಲೆ ರೇಷ್ಮೆ ಸೀರೆ ಯಾರಿಗೆ ಬೇಕು, ನನ್ನ ಗೂಡಿಗೂ ದರ ಇರಲಿಲ್ಲ. ಅಪ್ಪ ಮಗಳು ಒಂದೇ ವರ್ಷ ಒಟ್ಟಿಗೆ ಸೋತದ್ದು ಅದೊಂದೇ ಸಲ. ಮಾಳಿಗೆಯ ಮೇಲೆ ಬಿಸಿಲು ಎಂದು ನೀನು ಹುಳುಮನೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಿದ್ದೆ. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ಸೊಪ್ಪು ತಿನ್ನುವ ಸದ್ದು ಕೇಳಿ ಆ ಕಡೆಯಿಂದ ಯಾರೋ "ನಿಮ್ಮಲ್ಲಿ ಜೋರು ಮಳೆಯೇ?" ಎಂದು ಕೇಳಿದರು. "ಹೌದು, ಒಳ್ಳೆಯ ಮಳೆ" ಎಂದೆ ನೀನು. ಬೋರು ಕೊರೆಸಿದರೂ ನೀರು ಕಾಣದ ಊರಿನಲ್ಲಿ ಕೂತು! ನಾನು ಸೊಪ್ಪಿನ ಪುಟ್ಟಿ ಕೆಳಗಿಟ್ಟು ನಕ್ಕಿದ್ದೆ.

2023ರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆ ಜನವರಿಯಲ್ಲಿ ಗೂಗಲ್ ಒಂದೇ 12,000 ಜನರನ್ನು ತೆಗೆಯುತ್ತೇನೆಂದಿತು, ಫೇಸ್‌ಬುಕ್‌ನವರು ಅದಕ್ಕೂ ಮೊದಲೇ 11,000 ಎಂದಿದ್ದರು. ಆ ಹೆಸರುಗಳ ನಡುವೆ ನಿನ್ನ ಕಂಪನಿ ಸಣ್ಣದು, ಸುದ್ದಿಯಾಗಲಿಲ್ಲ. ಹತ್ತು ನಿಮಿಷದ ವಿಡಿಯೊ ಕರೆಯಲ್ಲಿ ನಿನ್ನನ್ನು ಬಿಡಿಸಿದ್ದನ್ನು ನೀನು ನನಗೆ ಹೇಳಿದ್ದು ನಾಲ್ಕು ತಿಂಗಳ ನಂತರ, ಬೇರೆ ಕೆಲಸ ಸಿಕ್ಕಿದ ಮೇಲೆ. ನಾಲ್ಕು ತಿಂಗಳು ಏಕೆ ಮುಚ್ಚಿಟ್ಟೆ ಎಂದು ಆಗ ಕೋಪಿಸಿಕೊಂಡೆ. ಈಗ ಕೇಳುವುದಿಲ್ಲ.

ದೀಪಾವಳಿಗೆ ಬಂದಾಗ ಇನ್ನೊಂದು ಕಡೆಯಿಂದ ಕರೆದಿದ್ದಾರೆ, ಹೋಗಲೋ ಬೇಡವೋ ಎಂದು ನೀನು ಕೇಳಿದೆ. "ಮೂವತ್ತೆಂಟಾಯಿತು, ಇನ್ನು ಸಾಕು, ಇದ್ದಲ್ಲೇ ಇರು" ಎಂದಿದ್ದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿನಗೆ ಸರಿ ಕಂಡರೆ ಹೋಗು. ಹಳೆಯ ಸಂಬಳ ಎಷ್ಟು ಎಂದು ಕೇಳಿದರೆ, ಈ ಬೆಳೆಯನ್ನು ನೋಡಿ ದರ ಕೂಗಿ ಎಂದು ಹೇಳು. ಹಾಗೆ ಹೇಳಲು ಆಗುತ್ತದೆಯೋ ಇಲ್ಲವೋ ನನಗೆ ತಿಳಿಯದು, ನಿಮ್ಮ ಸಂತೆಯ ರೀತಿ ಬೇರೆ.

ಆ ಚೀಟಿಯನ್ನು ಮತ್ತೆ ತಂತಿಗೆ ಚುಚ್ಚಲಿಲ್ಲ. ಡೇರಿಯ ಹಳೆಯ ಲೆಕ್ಕದ ಪುಸ್ತಕದಲ್ಲಿ ಇಟ್ಟಿದ್ದೇನೆ. ಚಪ್ಪಲಿ ಯಾವ ತಿಂಗಳು ಕೊಂಡೆ ಎಂದು ಬಂದಾಗ ಹೇಳು.

ಈ ಬೆಳೆಯ ಹುಳು ಮೊನ್ನೆ ಮೂರನೇ ಜ್ವರ ಎದ್ದಿವೆ. ಚಳಿಗೆ ಸ್ವಲ್ಪ ನಿಧಾನ. ಇನ್ನು ಎರಡು ವಾರದೊಳಗೆ ಹಣ್ಣಾಗುತ್ತವೆ, ಚಂದ್ರಿಕೆಗೆ ಬಿಡುವ ದಿನ ಮೊಮ್ಮಗನನ್ನು ಕರೆದುಕೊಂಡು ಬಾ, ಅವನು ಇನ್ನೂ ನೋಡಿಲ್ಲ. ಸೊಗಡಿನ ಅವರೆಕಾಯಿ ಬಂದಿದೆ. ನೀನು ಬರುತ್ತೀಯೆಂದರೆ ನಿನ್ನ ಅಮ್ಮ ಹಿತಕಿದ ಬೇಳೆಯ ಸಾರು ಮಾಡುತ್ತಾಳಂತೆ, ಅದಕ್ಕೆ ಬೇಳೆ ಹಿತುಕುವ ಕೆಲಸವನ್ನು ನನಗೆ ಹಚ್ಚಿದ್ದಾಳೆ. ಕಾಫಿ ಮಾತ್ರ ಇನ್ನೂ ಜಗಲಿಯ ಮೇಲೆಯೇ ಬರುತ್ತಿದೆ.

ಇತಿ,
ನಿನ್ನ ಅಪ್ಪ