ಯಂತ್ರ ಬೇಡ, ಹಳೇ ಫ್ರಿಜ್ ಕೊಳ್ಳು

ಪುಣೆ

ಪ್ರೀತಿಯ ವಿನು,

ಆಸ್ಟಿನ್‌ನಿಂದ ನೀನು ಕಳಿಸಿದ ಫೋಟೊ ನೋಡಿದೆ. ಮನೆಯಲ್ಲೇ ಬಿಯರ್ ಮಾಡೋಕೆ ಅಂತ ಪಂಪು, ಟೈಮರ್, ಬ್ಲೂಟೂತ್ ಎಲ್ಲಾ ಇರುವ ಆ ಸ್ಟೀಲ್ ಯಂತ್ರ ನೋಡೋಕೆ ಚೆಂದ. ಆದರೆ ಸದ್ಯಕ್ಕೆ ಕೊಳ್ಳಬೇಡ. ಆ ದುಡ್ಡಿಗೆ ಬೇರೆ ಕೆಲಸವಿದೆ.

ನೀನು ಪುಣ್ಯವಂತ ಮಾರಾಯ. ಅಲ್ಲಿ ಮನೆಯಲ್ಲಿ ಬಿಯರ್ ಮಾಡೋಕೆ 1979ರಿಂದ ಫೆಡರಲ್ ಕಾನೂನಿನ ಅಡ್ಡಿಯಿಲ್ಲ. ಇಬ್ಬರು ದೊಡ್ಡವರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 750 ಲೀಟರ್ ತನಕ ತೆರಿಗೆಯಿಲ್ಲ. ಮಾರುವ ಹಾಗಿಲ್ಲ, ಅಷ್ಟೇ. ಇಲ್ಲಿ ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಇನ್ನೂ ಜೀವಂತ. ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮಾಡಿದರೆ ಅಪರಾಧ. ಹಾಗಾಗಿ ನನ್ನ ಆಟವೆಲ್ಲ ನಾನು ಕೆಲಸ ಮಾಡುವ ಬ್ರೂಪಬ್‌ನ (ತಾನೇ ಬಿಯರ್ ಮಾಡಿ ಮಾರುವ ಪಬ್) ಹಿಂದಿನ ಕೋಣೆಯಲ್ಲೇ. ಹೊಸ ರುಚಿ ನೋಡೋಕೆ ಅಲ್ಲಿ 20 ಲೀಟರ್‌ನ ಪುಟ್ಟ ಸೆಟಪ್ ಇದೆ. ಪಾತ್ರೆ ಇಲ್ಲಿನ ಬೋಹರಿ ಆಳಿ ಅನ್ನೋ ಅಂಗಡಿ ಗಲ್ಲಿಯದು, ಮಾಮೂಲಿ ಸ್ಟೀಲು. ತಾಮ್ರದ ಕೆಲಸದವರ ಗಲ್ಲಿ ತಾಂಬಟ್ ಆಳಿಯ ತಾಮ್ರದ ಹಂಡೆ ನೋಡಿ ಎಲ್ಲರಿಗೂ ಆಸೆಯಾಗಿತ್ತು. ಆದರೆ ದಿನಾ ಅದನ್ನು ತಿಕ್ಕುವವರು ಯಾರು?

ಮ್ಯಾಶ್ ಮಾಡೋದಕ್ಕೆ, ಅಂದರೆ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಿಸಿನೀರಲ್ಲಿ ನೆನೆಸಿ ಸಿಹಿ ರಸ ತೆಗೆಯೋದಕ್ಕೆ, ನಿನಗೆ 40 ಲೀಟರ್ ಪಾತ್ರೆ, ಒಂದು ಥರ್ಮಾಮೀಟರ್, ತೆಳು ಪಾಲಿಯೆಸ್ಟರ್ ಬಟ್ಟೆಯ ದೊಡ್ಡ ಚೀಲ ಸಾಕು. 27 ಲೀಟರ್ ನೀರನ್ನು 70 ಡಿಗ್ರಿಗೆ ಕಾಯಿಸು. ನಾಲ್ಕೂವರೆ ಕೆಜಿ ಮಾಲ್ಟ್ ಚೀಲಕ್ಕೆ ಹಾಕಿ ಕಲಸಿದರೆ 67ರ ಹತ್ತಿರ ಬಂದು ನಿಲ್ಲುತ್ತದೆ. ಕಂಬಳಿ ಸುತ್ತಿ ಒಂದು ಗಂಟೆ ಬಿಡು. 64ರ ಸುತ್ತ ಇಟ್ಟರೆ ಬಿಯರ್ ತೆಳ್ಳಗೆ, ಒಣ ರುಚಿ. 69ಕ್ಕೆ ಹೋದರೆ ಮೈತುಂಬಿ ಬರುತ್ತದೆ. ಮಾಲ್ಟನ್ನು ಅಂಗಡಿಯವರ ಹತ್ತಿರವೇ ಒಡೆಸಿಕೋ. ನೆಂದ ಚೀಲ ಎಂಟು ಕೆಜಿ ದಾಟುತ್ತದೆ, ಮೇಲೆ ಸುಡು ಸುಡು ನೀರು ಸೋರುತ್ತಿರುತ್ತದೆ. ಕೈಯಲ್ಲಿ ಎತ್ತೋಕೆ ಹೋಗಬೇಡ, ಗ್ಯಾರೇಜಿನ ಸೂರಿಗೆ ಒಂದು ರಾಟೆ ಕಟ್ಟು.

ಆಮೇಲೆ ಮುಚ್ಚಳ ತೆಗೆದು ಒಂದು ಗಂಟೆ ಕುದಿ, ಕಹಿ ಮತ್ತು ಘಮಕ್ಕೆ ಹಾಪ್ಸ್ ಹೂವು. ಅದರಲ್ಲಿ ಹೇಳೋಕೆ ಜಾಸ್ತಿ ಏನಿಲ್ಲ.

ನಿಜವಾದ ತಲೆನೋವು ಯೀಸ್ಟ್ ಹಾಕುವ ಮೊದಲು ಅದನ್ನು ತಣ್ಣಗೆ ಮಾಡೋದು. ಹತ್ತು-ಹದಿನೈದು ಮೀಟರ್ ತಾಮ್ರದ ಪೈಪನ್ನು ಸುರುಳಿ ಸುತ್ತಿ, ಕುದಿಯ ಕೊನೆಯ 15 ನಿಮಿಷ ಒಳಗೆ ಇಳಿಬಿಡು, ಅಲ್ಲೇ ಶುದ್ಧವಾಗುತ್ತದೆ. ನಮ್ಮ ಪೈಪು ಎಸಿ ಮೆಕ್ಯಾನಿಕ್ ಹತ್ತಿರ ಸಿಕ್ಕಿದ್ದು. ಪೈಪಿನೊಳಗೆ ನಲ್ಲಿ ನೀರು ಹರಿಸಿದರೆ 40 ಡಿಗ್ರಿ ತನಕ ಬೇಗ ಇಳಿಯುತ್ತದೆ. ಪುಣೆಯ ಮೇ ತಿಂಗಳಲ್ಲಿ ನಲ್ಲಿ ನೀರೇ ಬೆಚ್ಚಗಿರುವಾಗ ಮುಂದಕ್ಕೆ ಅದು ಜಗ್ಗೋದಿಲ್ಲ. ಟೆಕ್ಸಾಸ್ ಬೇಸಿಗೆಯೂ ಅದೇ ಕಥೆ ಅಲ್ವಾ? ಆಗ ಬಕೆಟ್ಟಿಗೆ ಐಸ್ ಹಾಕಿ, ಏರ್ ಕೂಲರ್‌ನ ಪುಟ್ಟ ಪಂಪಿನಿಂದ ಅದೇ ನೀರನ್ನು ಪೈಪಿನಲ್ಲಿ ಸುತ್ತಿಸು. ಮೊದಲೇ ಐಸ್ ಹಾಕಿದರೆ ಸುಮ್ನೆ ದಂಡ.

ಯೀಸ್ಟ್ ಹಾಕಿದ ಮೇಲೆ ಆ ಯೀಸ್ಟೇ ಶಾಖ ಹುಟ್ಟಿಸುತ್ತದೆ. ಕೋಣೆ 24 ಇದ್ದರೆ ಬಿಯರ್ ಹುದುಗುವ ಡಬ್ಬಿಯ ಒಳಗೆ 28 ಆಗಬಹುದು. ಮಾಮೂಲಿ ಏಲ್ (ಒಂದು ಬಗೆಯ ಬಿಯರ್) ಯೀಸ್ಟಿಗೆ ಅಷ್ಟು ಬಿಸಿ ತಾಗಿದರೆ ಬಿಯರು ಥಿನ್ನರ್ ವಾಸನೆ ಹೊಡೆಯುತ್ತದೆ. ಅದಕ್ಕೇ ಹೇಳಿದ್ದು, ಹಳೇ ಫ್ರಿಜ್ ಮತ್ತು ಒಂದು ಟೆಂಪರೇಚರ್ ಕಂಟ್ರೋಲರ್ ಕೊಳ್ಳು. 19ಕ್ಕೆ ಸೆಟ್ ಮಾಡು. ಸೆನ್ಸರನ್ನು ಫ್ರಿಜ್ಜಿನ ಗಾಳಿಯಲ್ಲಿ ನೇತುಹಾಕಬೇಡ. ಡಬ್ಬಿಯ ಹೊಟ್ಟೆಗೆ ಒತ್ತಿ ಹಿಡಿದು, ಮೇಲೆ ಒಂದು ತುಂಡು ಫೋಮ್ ಇಟ್ಟು ಟೇಪ್ ಸುತ್ತು. ಆಗ ಅದು ಗಾಳಿಯದ್ದಲ್ಲ, ಬಿಯರಿನ ಬಿಸಿ ತೋರಿಸುತ್ತದೆ.

ಫ್ರಿಜ್ಜಿಗೆ ಮನೆಯಲ್ಲಿ ಒಪ್ಪಿಗೆ ಸಿಗದಿದ್ದರೆ ನಾರ್ವೆಯ ಹಳ್ಳಿಗಳ ಕ್ವೈಕ್ ಯೀಸ್ಟ್ ತರಿಸು. ಅದು 35 ಡಿಗ್ರಿಯಲ್ಲೂ ಹಾಯಾಗಿ ಕೆಲಸ ಮಾಡುತ್ತದೆ, ಕೆಲವು ತಳಿಗಳು ಕಿತ್ತಳೆ ಘಮ ಕೊಡುತ್ತವೆ. ನನಗಂತೂ ನಮ್ಮ ಸೆಕೆಗೆ ಅದೇ ಇಷ್ಟ.

ಫ್ರಿಜ್ ನೋಡೋಕೆ ಹೋಗುವಾಗ ಟೇಪು ಒಯ್ಯಿ. ಕಂಪ್ರೆಸರ್‌ಗೆ ಜಾಗ ಬಿಟ್ಟು ಒಳಗಡೆ ಹಿಂದೆ ಮೆಟ್ಟಿಲಿನಂತೆ ಉಬ್ಬಿರುತ್ತದೆ, ಅದನ್ನು ಕಳೆದು ಅಳೆ. ಡಬ್ಬಿಯ ಎತ್ತರಕ್ಕೆ ಏರ್‌ಲಾಕ್ (ಗ್ಯಾಸ್ ಹೊರಬಿಡೋಕೆ ಮುಚ್ಚಳದ ಮೇಲಿರುವ ಕೊಳವೆ) ಸೇರಿಸೋದು ಮರೀಬೇಡ. ಅಳತೆ ನನಗೂ ಕಳಿಸು, ನೋಡಿ ಹೇಳ್ತೀನಿ.

ನಿನ್ನ
ಗಿರೀಶ