ಲೆಕ್ಕ ಕೂಡಿತು, ಗುಮಾಸ್ತ ಕಾಕಾರಿಂದ

ಈ ಸುಗ್ಗಿಯ ಕೊನೆಯ ಲೋಡು ಮೊನ್ನೆ ಮಿಲ್ಲಿಗೆ ಹೋಯಿತು. ರೈತರಿಂದ ಒಂದು ತಕರಾರೂ ಬರಲಿಲ್ಲ. ಹಾಗಾಗಿ ಈಗ ಧೈರ್ಯವಾಗಿ ಹೇಳಬಹುದು: ನಮ್ಮ ರೈಸ್ ಮಿಲ್ ಸಾಫ್ಟ್‌ವೇರಿನ ಲೆಕ್ಕದ ಭಾಗವೆಲ್ಲ ಸಿ ಶಾರ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಿಟ್ಟು ಇನ್ನೊಂದು ಭಾಷೆಯಾದ ಎಫ್ ಶಾರ್ಪ್‌ಗೆ ಬಂದಿದೆ. ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, 2024ರ ಆಗಸ್ಟ್, ಆಗ ಶುರು ಮಾಡಿದ ಕೆಲಸ. ಭತ್ತವೇ ಬರುತ್ತದೋ ಇಲ್ಲವೋ ಎಂದು ಗಂಗಾವತಿಗೆ ಗಂಗಾವತಿಯೇ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನಾವು ಇದಕ್ಕೆ ಕೈ ಹಾಕಿದೆವು. ಯಾಕೆ, ಏನು ಎಂಬ ಪುರಾಣ ಇಲ್ಲಿ ಬೇಡ, ಬಿಡಿ.

ಟೀಮಿನ ಹುಡುಗ ಹುಡುಗಿಯರಿಗೆ, ಟ್ರಯಲ್‌ಗೆ ಒಪ್ಪಿದ ಕಾರಟಗಿ, ಸಿಂಧನೂರಿನ ಮಿಲ್ ಮಾಲಕರಿಗೆ, "ಎರಡೂ ಡಾಟ್‌ನೆಟ್ ಎಂಬ ಒಂದೇ ತಳಹದಿ ಮೇಲೇ ಓಡ್ತಾವೆ, ಎಲ್ಲಾ ಒಮ್ಮೆಲೇ ಕೆಡವಬೇಡ, ಒಂದೊಂದೇ ಪ್ರಾಜೆಕ್ಟ್ ಬದಲಿಸು" ಎಂದು ಬೆಂಗಳೂರಿನಿಂದ ಬುದ್ಧಿ ಹೇಳಿದ ಗೆಳತಿಗೆ, ಹೊತ್ತಲ್ಲದ ಹೊತ್ತಿನಲ್ಲಿ ಮಿರ್ಚಿ ಮಂಡಕ್ಕಿ ಕಳಿಸಿದ ಅತ್ತೆಗೆ ಒಂದೇ ಉಸಿರಿನಲ್ಲಿ ಥ್ಯಾಂಕ್ಸ್. ಸಿಟ್ಟಾಗಬೇಡಿ, ಉಳಿದ ಜಾಗ ಗುಮಾಸ್ತ ಕಾಕಾಗೆ ಬೇಕು.

ಕಾಕಾ ಇಲ್ಲಿನ ಒಂದು ಮಿಲ್ಲಿನ ಗದ್ದಿಯಲ್ಲಿ ತಲೆ ನರೆಸಿಕೊಂಡವರು. ಕಂಪ್ಯೂಟರ್ ಮುಟ್ಟುವುದಿಲ್ಲ. ನಮ್ಮ ಕಡೆ ಭತ್ತದ ದರ ಹೇಳುವುದು 75 ಕೆಜಿ ಚೀಲಕ್ಕೆ, ಬೆಂಬಲ ಬೆಲೆ ಕ್ವಿಂಟಲ್‌ಗೆ, ತೂಕದ ಚೀಟಿ ಬರುವುದು ಕೆಜಿಯಲ್ಲಿ. ಹಳೆ ಕೋಡಿಗೆ ಮೂರೂ ಬರೀ ಅಂಕಿ. ಎಫ್ ಶಾರ್ಪ್‌ನಲ್ಲಿ ಅಂಕಿಯ ಜೊತೆ ಅಳತೆಯನ್ನೂ ಟೈಪಿಗೇ, ಅಂದರೆ ಅದು ಯಾವ ಬಗೆಯ ಮಾಹಿತಿ ಎಂಬ ಗುರುತಿಗೇ, ಕಟ್ಟಬಹುದು. ಕೆಜಿಗೆ ಕ್ವಿಂಟಲ್ ಕೂಡಿಸಹೋದರೆ ಕಂಪೈಲರ್, ಅಂದರೆ ಕೋಡನ್ನು ಓಡಿಸುವ ಮೊದಲು ಪರೀಕ್ಷಿಸಿ ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ತಂತ್ರಾಂಶ, ಅಲ್ಲೇ ತಡೆಯುತ್ತದೆ. ಇದನ್ನು ಹೆಮ್ಮೆಯಿಂದ ತೋರಿಸಿದರೆ ಕಾಕಾ ಕನ್ನಡಕ ಹಣೆಗೇರಿಸಿ, "ಮುಕ್ಕಾಲು ಮಗ್ಗಿ ಬಂದಿದ್ರ ಇಷ್ಟೆಲ್ಲಾ ಯಾಕ ಬೇಕಿತ್ತವಾ" ಅಂದರು. 48 ಚೀಲಕ್ಕೆ ಎಷ್ಟು ಅಂತ ಕೇಳಿದೆ. ನಾನು ಕೀಲಿ ಒತ್ತುವಷ್ಟರಲ್ಲಿ 36 ಕ್ವಿಂಟಲ್ ಅಂದಾಗಿತ್ತು.

ಹೊಸದಕ್ಕೆ ದಾಟುವ ಹಿಂದಿನ ರಾತ್ರಿ ಎರಡೂ ಸಾಫ್ಟ್‌ವೇರಿಗೆ ಹಿಂದಿನ ಸುಗ್ಗಿಯ ಪಟ್ಟಿಗಳನ್ನು (ರೈತರಿಗೆ ಕೊಡುವ ಬಿಲ್ಲುಗಳನ್ನು) ಕೊಟ್ಟು ತಾಳೆ ನೋಡಿದೆವು. ಮೊತ್ತ ಕೂಡಲಿಲ್ಲ. ಬೆಳಗಾದರೆ ಮಿಲ್ ಮುಂದೆ ಟ್ರ್ಯಾಕ್ಟರ್ ಸಾಲು. ಹುಡುಕುತ್ತಾ ಹೋದರೆ ತೇವಾಂಶದ ಕಡಿತ, ಅಂದರೆ ಭತ್ತ ಹಸಿ ಇದ್ದರೆ ಹಾಕುವ ಕಡಿತ: ಹಳೆ ಕೋಡಿನಲ್ಲಿ ತೇವಾಂಶ ಸೊನ್ನೆ ಇದ್ದ ಕೆಲವು ಪಟ್ಟಿಗೆ ಕಡಿತ ಇದೆ, ಕೆಲವಕ್ಕೆ ಇಲ್ಲ. ಬರೆದವರು ಎಂದೋ ಕೆಲಸ ಬಿಟ್ಟು ಹೋಗಿದ್ದಾರೆ. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1965ರಲ್ಲಿ ಆಲ್ಗಾಲ್ ಡಬ್ಲ್ಯು ಭಾಷೆಗೆ ನಲ್, ಅಂದರೆ 'ಇಲ್ಲಿ ಏನೂ ಇಲ್ಲ' ಎಂಬ ಗುರುತು, ತಂದರು, 2009ರಲ್ಲಿ ಅದನ್ನು ತಮ್ಮ ನೂರು ಕೋಟಿ ಡಾಲರಿನ ತಪ್ಪು ಅಂದರು. ನಮ್ಮ ಈ ಸೊನ್ನೆ ಅದರ ಖಾಸಾ ತಮ್ಮ.

ಫೋನ್ ಮಾಡಿದ್ದಕ್ಕೆ ಕಾಕಾ ಲೂನಾ ಮೇಲೆ ಖಾತೆ ಪುಸ್ತಕಗಳ ಗಂಟು ಕಟ್ಟಿಕೊಂಡು ಬಂದರು. ನಾವು ಪಟ್ಟಿಯ ನಂಬರ್ ಓದುವುದು, ಅವರು ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವುವುದು. "ಇದು ಹಳೆ ಭತ್ತ, ಮನ್ಯಾಗ ಒಣಗಿಸಿ ಇಟ್ಟಿದ್ದು. ಇದಕ್ಕ್ಯಾಕ ಮೀಟರ್?" "ಇದು ಮಳ್ಯಾಗ ಬಂದ ಮಾಲು. ಕರೆಂಟ್ ಇರಲಿಲ್ಲ, ಕೈಲೆ ಹಿಚುಕಿ ನೋಡಿ ಕಡಿತ ಹಾಕೀವಿ."

ಅರ್ಧದಲ್ಲಿ ನಾನು ಎದ್ದು ಹೋಗಿ ಹಿಂದಿನ ಮೆಟ್ಟಿಲ ಮೇಲೆ ಕೂತು ಅತ್ತೆ. ಈ ಕಂಪನಿ ನಿಂತಿರುವುದು ಅಪ್ಪ ದಲಾಲಿ ಅಂಗಡಿ ಮಾರಿ ಕೊಟ್ಟ ದುಡ್ಡಿನ ಮೇಲೆ. ಅಪ್ಪ ಈಗಿಲ್ಲ. ಇದೂ ಹೋದರೆ ಅವರದು ಅಂತ ಉಳಿಯುವುದು ಏನೂ ಇಲ್ಲ ಅನ್ನಿಸಿತ್ತು. ಕಾಕಾ ಬಾಗಿಲಲ್ಲಿ ಬಂದು ನಿಂತರು. ಸಮಾಧಾನ ಗಿಮಾಧಾನ ಏನಿಲ್ಲ. "ಏಳವಾ, ಇನ್ನೂ ನಾಕು ಪುಸ್ತಕ ಅದಾವು" ಅಂದರು, ಅಷ್ಟೇ.

ಆ ಸೊನ್ನೆಯೊಳಗೆ ಎರಡು ಬೇರೆ ಬೇರೆ ಸಂಗತಿ ಅಡಗಿದ್ದವು. ತೇವಾಂಶದ ಟೈಪನ್ನೇ ಮೂರು ಕವಲಾಗಿ ಬರೆದೆವು: ಮೀಟರಿನಲ್ಲಿ ಅಳೆದದ್ದು, ಕೈಯಂದಾಜು, ಅಳೆಯಬೇಕಿಲ್ಲದ್ದು. ಕಂಪೈಲರ್ ಕೊಡುವ ಎಚ್ಚರಿಕೆಗಳನ್ನೆಲ್ಲ ತಪ್ಪು ಎಂದೇ ಹಿಡಿಯುವಂತೆ ಮೊದಲೇ ಸೆಟ್ಟಿಂಗ್ ಹಾಕಿದ್ದೆವು. ಮೂರನ್ನೂ ವಿಚಾರಿಸದ ಜಾಗಗಳನ್ನೆಲ್ಲ ಕಂಪೈಲರ್ ಸಾಲಾಗಿ ತೋರಿಸಿತು. ಪ್ರಶ್ನೆ ಕೇಳುವುದು ಅದಕ್ಕೆ ಚೆನ್ನಾಗಿ ಗೊತ್ತು. ಉತ್ತರ ಮಾತ್ರ ಕಾಕಾರ ಗಂಟಿನಲ್ಲಿತ್ತು. ಕೋಳಿ ಕೂಗುವ ಹೊತ್ತಿಗೆ ಪೈಸೆಗೆ ಪೈಸೆ ಕೂಡಿತು. ಅವರು ಚಹಾ ಕುಡಿದು ನೆಟ್ಟಗೆ ಗದ್ದಿಗೇ ಹೋದರು.

ಕಾಕಾ, ನೀವು ಇದನ್ನು ಓದುವುದಿಲ್ಲ, ನಿಮ್ಮ ಮೊಮ್ಮಗಳು ಓದಿ ಹೇಳುತ್ತಾಳೆ. "ನನ್ನ ಹೆಸರು ಗಿಸರು ಹಾಕಬ್ಯಾಡ" ಅಂದಿರಿ, ಹಾಕಿಲ್ಲ. ದುಡ್ಡು ಕೊಡಬಂದರೆ ಬೈದಿರಿ. ರೈತರಿಗೆ ಕೊಡುವ ಪಟ್ಟಿಯಲ್ಲಿ ಅಕ್ಷರ ದೊಡ್ಡದು ಮಾಡು ಅಂದಿರಲ್ಲ, ಪ್ರಿಂಟಿನ ಕೋಡು ಇನ್ನೂ ಹಳೆ ಸಿ ಶಾರ್ಪ್‌ನಲ್ಲೇ ಇದೆ. ಅದು ಎಫ್ ಶಾರ್ಪ್‌ಗೆ ಬರುವತನಕ ಕಾಯುವುದು ಬೇಡ, ಸೋಮವಾರದಿಂದಲೇ ದೊಡ್ಡದಾಗಿ ಬರುತ್ತದೆ.